ಅಮ್ಮನನ್ನು ದಾಟಿದ ತಟ್ಟೆ

ಫೆಬ್ರವರಿ 4

ತಮ್ಮನಿಗೆ,

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು ಎಂದು ಅಮ್ಮ ನಮಗೆ ಚಿಕ್ಕಂದಿನಲ್ಲಿ ಕಲಿಸಿದ್ದಳು. ಇಲ್ಲಿ ಯಾರೂ ಕ್ಷೇಮವಾಗಿಲ್ಲ. ನಾನಂತೂ ಎರಡು ದಿನದಿಂದ ಹಲ್ಲು ಕಚ್ಚಿಕೊಂಡೇ ಇದ್ದೇನೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನ್ ಮಾಡಿದರೆ ನಾಲ್ಕನೇ ಮಾತಿಗೆ ನೀನು ‘ಅಕ್ಕಾ, ಪ್ರಾರ್ಥನೆ ಮಾಡೋಣ’ ಎಂದು ಶುರು ಹಚ್ಚಿಕೊಳ್ಳುತ್ತೀಯ. ಪ್ರಾರ್ಥನೆ ಮಾಡುತ್ತಿರುವವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಕಾಗದ.

ಭಾನುವಾರ ನಮ್ಮಲ್ಲಿ ಪ್ರಭುಭೋಜನ. ಅಮ್ಮ ಎಂದಿನಂತೆ ಮೂರನೇ ಬೆಂಚಿನ ತುದಿಯಲ್ಲಿ, ಒಂದರ ಮೇಲೊಂದು ಅಂಗೈ ಇಟ್ಟುಕೊಂಡು ಕೂತಿದ್ದಳು. ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಂದರು. ನನಗೆ ಕೊಟ್ಟರು. ಅಮ್ಮನ ಮುಂದೆ ನಿಲ್ಲಲೇ ಇಲ್ಲ. ಮುಂದಿನ ಸಾಲಿಗೆ ಹೋದರು. ಮರೆತರೇನೋ ಎಂದು ಅಮ್ಮ ಅಂಗೈ ಹಾಗೇ ಇಟ್ಟುಕೊಂಡು ಕಾದಳು. ದ್ರಾಕ್ಷಾರಸವೂ ಹಾಗೇ ದಾಟಿತು. ಕೊನೆಯ ಹಾಡು ಮುಗಿಯುವವರೆಗೂ ಆ ಎರಡು ಕೈ ತೆರೆದೇ ಇದ್ದವು. ಎಪ್ಪತ್ತನಾಲ್ಕು ವರ್ಷದ ಹೆಂಗಸು. ಎಂಬತ್ತು ಜನ ನೋಡಿದರು.

ಹೊರಗೆ ಬಂದಾಗ ನಮ್ಮ ಕಾರ್ಯದರ್ಶಿ, ಅದೇ ಗಡಿಯಾರ ರಿಪೇರಿಯವನು, ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದ. ನಿನ್ನ ಸಭೆಯವರು ಹಾಕಿದ ದೀಕ್ಷಾಸ್ನಾನದ ಫೋಟೊ. ನೀರಿನ ತೊಟ್ಟಿಯ ಪಕ್ಕ ಬಿಳಿ ನಿಲುವಂಗಿಯ ಆರು ಜನ, ಮೂರನೆಯವಳು ಅಮ್ಮ. ತಲೆಯಿಂದ ನೀರು ಸುರಿಯುತ್ತಿದೆ. ಅವಳ ಭುಜದ ಮೇಲೆ ನಿನ್ನ ಕೈ.

ಹಲ್ಲು ತೋರಿಸಲು ತಮ್ಮನ ಊರಿಗೆ ಹೋಗಿಬರುತ್ತೇನೆ ಎಂದಿದ್ದಳು ಕಣೋ. ಹಲ್ಲು!

ಇನ್ನೊಂದು ಮಾತು. ಡಿಸೆಂಬರಿನಲ್ಲಿ ನಿನ್ನ ಸಭೆಯ ಆ ನರ್ಸಮ್ಮ ನನ್ನ ಅಂಗಡಿಗೆ ಬಂದು ಆರು ನಿಲುವಂಗಿಗೆ ಆರ್ಡರ್ ಕೊಟ್ಟಳು. ನಾನು ಸುತ್ತಲಿನ ಊರುಗಳ ಎಲ್ಲ ಸಭೆಗಳಿಗೂ ಹೊಲಿಯುತ್ತೇನೆ. ಒಬ್ಬರಿಗೆ ಕಾಲರ್ ಬೇಕು, ಇನ್ನೊಬ್ಬರಿಗೆ ಕಾಲರ್ ಎಂದರೆ ಪಾಪ. ನನ್ನ ಕತ್ತರಿ ಯಾರನ್ನೂ ನೀನು ಯಾವ ಸಭೆ ಎಂದು ಕೇಳಿಲ್ಲ. ನೀರಿನಲ್ಲಿ ಬಟ್ಟೆ ಉಬ್ಬಿ ಮೇಲೆ ಬರಬಾರದೆಂದು ಅಂಚಿನಲ್ಲಿ ಸೀಸದ ಗುಂಡು ಇಟ್ಟು ಹೊಲಿಯಬೇಕಲ್ಲ, ಒಂದೊಂದಕ್ಕೂ ಆರಾರು ಗುಂಡು. ‘ಒಂದು ಗಿಡ್ಡದಿರಲಿ, ವಯಸ್ಸಾದವರೊಬ್ಬರಿದಾರೆ’ ಎಂದಳು ನರ್ಸಮ್ಮ. ಯಾರೋ ಪಾಪ ಮುದುಕಿ, ನಾಲ್ಕು ಜನರ ಮುಂದೆ ಮಾನ ಹೋಗಬಾರದು ಎಂದು ಅದಕ್ಕೆ ಎಂಟು ಗುಂಡು ಹಾಕಿದೆ. ನನ್ನ ತಾಯಿ ಮುಳುಗುವ ಬಟ್ಟೆಗೆ ನನ್ನ ಕೈಯಿಂದಲೇ ಭಾರ ಕಟ್ಟಿಸಿಕೊಂಡೆಯಲ್ಲ. ನಿನಗೆ ಗೊತ್ತಿತ್ತು. ನೀನು ಸುಮ್ಮನಿದ್ದೆ.

ಮಗುವಾಗಿದ್ದಾಗ ದೀಕ್ಷಾಸ್ನಾನವೆಂದು ಅವಳ ನೆತ್ತಿಗೆ ಹಾಕಿದ ನೀರು ನಿನಗೆ ನೀರಲ್ಲವೋ? ನಮ್ಮಿಬ್ಬರ ನೆತ್ತಿಗೆ ಹಾಕಿದ್ದು? ಉತ್ತರ ಬರಿ. ಪ್ರಾರ್ಥನೆ ಬರೆಯಬೇಡ.

ಇನ್ನೂ ನಿನ್ನ ಅಕ್ಕನೇ ಆಗಿರುವ
ಅಕ್ಕ


ಫೆಬ್ರವರಿ 21

ಅಕ್ಕನಿಗೆ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ಸಭೆಯ ಹಾಲಿನ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗಿನ ಟೈರ್ ಅಂಗಡಿಯವರು ಚಕ್ರ ಕಳಚುವ ಸದ್ದಿಗೆ ಮೇಜು ಅದುರುತ್ತಿದೆ. ನನ್ನ ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ, ಹೆದರಿಕೆ ಅಲ್ಲ.

ನಾನು ಅಮ್ಮನನ್ನು ಕರೆಯಲಿಲ್ಲ. ಅವಳೇ ಬಂದಳು, ಅವಳೇ ದೀಕ್ಷಾಸ್ನಾನ ಕೇಳಿದಳು. ಯೋಚಿಸಿ ಹೇಳುತ್ತಿದ್ದೀಯಾ ಎಂದರೆ ‘ಕೊಡ್ತೀಯೋ ಇಲ್ವೋ ಅಷ್ಟು ಹೇಳು’ ಎಂದಳು. ಕೇಳಿದವರಿಗೆ ಇಲ್ಲ ಎನ್ನಲು ನಾನು ಯಾರು? ನಾನೊಬ್ಬ ಪಾಸ್ಟರ್. ಅಕ್ಕನ ಅನುಮತಿ ಚೀಟಿ ತಂದಿದ್ದೀಯಾ ಎಂದು ಕೇಳಬೇಕಿತ್ತೇ? ನಿಲುವಂಗಿಯ ವಿಷಯ ಮಾತ್ರ ನನ್ನ ತಪ್ಪು. ನಿನ್ನಷ್ಟು ಚೆನ್ನಾಗಿ ಹೊಲಿಯುವವರು ಯಾರೂ ಇಲ್ಲ ಎಂದು ನರ್ಸಮ್ಮ ಹೇಳಿದಾಗ ನಾನು ಬಾಯಿ ಬಿಡಬೇಕಿತ್ತು.

ಆದರೆ ಒಂದು ಕೇಳುತ್ತೇನೆ. ತಟ್ಟೆ ದಾಟಿಸಿದವರು ನಿನ್ನ ಅಯ್ಯನವರು. ನನಗೆ ಬೈಗುಳ, ಅವರಿಗೆ ನಮಸ್ಕಾರವೇ? ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ನಿಮ್ಮಂಥವರನ್ನು ನೋಡಿಯೇ ಹುಟ್ಟಿದ ಮಾತು. ಒಬ್ಬ ಮುದುಕಿಯ ಬಾಯಿಗೆ ಒಂದು ಚೂರು ರೊಟ್ಟಿ ಹಾಕಿದರೆ ನಿಮ್ಮ ಗೋಪುರ ಬೀಳುತ್ತಿತ್ತೇ?

ಅಪ್ಪ ತೀರಿಕೊಂಡು ವರ್ಷ ತುಂಬಿದಾಗಿನ ಪ್ರಾರ್ಥನೆಗೆ ನಾನು ಬಂದಿದ್ದೆ, ನೆನಪಿದೆಯಾ? ನಿನ್ನ ಪಕ್ಕದಲ್ಲೇ ಕೂತಿದ್ದೆ. ಅಂದೂ ತಟ್ಟೆ ಬಂತು, ಅಂದೂ ದಾಟಿತು. ನನ್ನನ್ನು. ಅಂದು ನೀನು ಹಲ್ಲು ಕಚ್ಚಲಿಲ್ಲ. ಹಾಡಿನ ಪುಸ್ತಕದಲ್ಲಿ ಮುಂದಿನ ಹಾಡು ಹುಡುಕುತ್ತಿದ್ದೆ.

ಇಲ್ಲಿದ್ದಷ್ಟು ದಿನ ಅಮ್ಮ ಚೆನ್ನಾಗಿದ್ದಳು. ಭಾನುವಾರ ಆರಾಧನೆ ಮುಗಿಸಿ, ಊಟ ಮಾಡಿ ಬಸ್ಸು ಹತ್ತಿದಳು. ಬೇರೇನೂ ವಿಶೇಷವಿಲ್ಲ.

ನಿನ್ನ
ತಮ್ಮ


ಮಾರ್ಚ್ 4

ತಮ್ಮ,

ಬೇರೇನೂ ವಿಶೇಷವಿಲ್ಲವೇ? ಈ ಸಾಲನ್ನು ನೀನು ಯಾವ ಕೈಯಲ್ಲಿ ಬರೆದೆ ಹೇಳು.

ಮೊದಲು ಆಸ್ಪತ್ರೆಯ ಸುದ್ದಿ. ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿಲ್ಲ. ಡಾಕ್ಟರು ಹೃದಯದ ಚಿತ್ರ ತೆಗೆಸಿ ನನ್ನನ್ನು ಹೊರಗೆ ಕರೆದು, ಹೃದಯ ಸೋತಿದೆ, ವರ್ಷ ದಾಟುವುದು ಕಷ್ಟ ಎಂದರು. ಒಳಗೆ ಬಂದರೆ ಅಮ್ಮ ‘ಎಷ್ಟು ದಿನವಂತೆ?’ ಎಂದು ಬಾಗಿಲು ನೋಡುತ್ತಲೇ ಕೇಳಿದಳು. ಸುಳ್ಳು ಹೇಳಿದೆ. ‘ಸುಳ್ಳು ಹೇಳುವಾಗ ನಿನ್ನ ಮೂಗು ಕೆಂಪಾಗುತ್ತೆ, ಚಿಕ್ಕಂದಿನಿಂದಲೂ’ ಎಂದಳು.

ಅವಳಿಗೆ ಬೇಕಾಗಿರುವುದು ಒಂದೇ, ಆ ತಟ್ಟೆ. ಹೋಗುವ ಮೊದಲು ತನ್ನ ಬೆಂಚಿನಲ್ಲಿ ಕೂತು ರೊಟ್ಟಿ ತೆಗೆದುಕೊಳ್ಳಬೇಕು. ನಾನು ಸಮಿತಿಯವರ ಕಾಲು ಹಿಡಿಯುವುದೊಂದು ಬಾಕಿ. ಅವರದು ಒಂದು ಷರತ್ತು. ಎರಡನೆಯದು ದೀಕ್ಷಾಸ್ನಾನವೇ ಅಲ್ಲ, ತಪ್ಪು ತಿಳಿವಳಿಕೆಯಿಂದ ನೀರಿಗಿಳಿದೆ ಎಂದು ಅಮ್ಮ ಸಹಿ ಮಾಡಿ ಕೊಡಬೇಕು. ನಾನೇ ಬರೆದೆ. ಪೆನ್ನು ಕೈಗೆ ಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಒಂದು ಕಾಗುಣಿತದ ತಪ್ಪು ತಿದ್ದಿದಳು. ಸಹಿ ಮಾಡದೆ ವಾಪಸು ಕೊಟ್ಟಳು.

ನನಗೆ ನೆತ್ತಿಗೇರಿತು. ಹಾಗಾದರೆ ಮಗನ ಸಭೆಗೇ ಹೋಗಿ ತಿನ್ನು, ಅಲ್ಲಿ ಕೊಡುತ್ತಾನಲ್ಲ ಎಂದು ಕೂಗಿದೆ. ಅಮ್ಮ ಮಾತ್ರೆಯ ಡಬ್ಬಿ ಮುಚ್ಚುತ್ತ, ಏನೂ ಆಗದವಳ ಹಾಗೆ ಹೇಳಿದಳು.

‘ಅಲ್ಲೂ ಕೊಡಲಿಲ್ಲ.’

ಇನ್ನೊಂದು ಮಾತು ಅವಳ ಬಾಯಿಂದ ಹೊರಡಲಿಲ್ಲ. ನೀನು ಹೇಳು. ಮುಳುಗಿಸಿದ ಮೇಲೂ ಕೊಡಲಿಲ್ಲವೇ? ನಮ್ಮ ಅಯ್ಯನವರಾದರೂ ಅವಳು ಹೆತ್ತ ಮಕ್ಕಳ ಸಾಲಿಗೆ ಸೇರಿದವರಲ್ಲ. ನೀನು ಅವಳ ಹೊಟ್ಟೆಯಲ್ಲಿ ಹುಟ್ಟಿದವನು. ಅವಳ ಕೈ ತುತ್ತು ಏಳು ವರ್ಷದವರೆಗೂ ತಿಂದವನು, ನಾನೇ ನೋಡಿದ್ದೇನೆ. ನನಗೆ ಪೂಜಾರಿಯ ಗಾದೆ ಹೇಳಿಕೊಡುತ್ತೀಯಾ?

ಏನಾಯಿತೆಂದು ಇದ್ದದ್ದು ಇದ್ದ ಹಾಗೆ ಬರಿ. ಬರೆಯದಿದ್ದರೆ ಮುಂದಿನ ಬಸ್ಸಿಗೆ ಬಂದು ನಿನ್ನ ಹಾಲಿನ ನಡುವೆ ನಿಂತು ಕೇಳುತ್ತೇನೆ. ನಿನ್ನವರಿಗೆ ಜೋರು ದನಿ ಇಷ್ಟವಂತೆ. ನನ್ನದೂ ಕೇಳಲಿ.

ಅಕ್ಕ


ಮಾರ್ಚ್ 16

ಅಕ್ಕಾ,

ಬರೆಯುತ್ತೇನೆ. ಓದಿದ ಮೇಲೆ ನೀನು ಇನ್ನಷ್ಟು ಬೈಯಬಹುದು. ಸ್ವಲ್ಪ ನಿನಗೂ ಉಳಿಸಿಕೊ, ಬೇಕಾಗುತ್ತದೆ.

ನಮ್ಮಲ್ಲಿ ನೀರಿನಿಂದ ಎದ್ದವರು ಬಟ್ಟೆ ಬದಲಾಯಿಸಿ ಬಂದು, ರೊಟ್ಟಿ ತೆಗೆದುಕೊಳ್ಳುವ ಮೊದಲು ಮೈಕಿನ ಮುಂದೆ ಒಂದು ಮಾತು ಹೇಳಬೇಕು: ಮಗುವಾಗಿದ್ದಾಗ ನನಗೆ ಆದದ್ದು ದೀಕ್ಷಾಸ್ನಾನವಲ್ಲ, ಇದೇ ಮೊದಲನೆಯದು. ಆ ನಿಯಮ ಬರೆದವನು ನಾನೇ. ಹಾಲಿನ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಮೂರನೆಯದು. ಐದು ಜನ ಹೇಳಿದರು. ಅಮ್ಮ ಮೈಕು ಹಿಡಿದು ಸುಮ್ಮನೆ ನಿಂತಳು. ನಾನು ಮೆಲ್ಲಗೆ ಸಾಲು ಹೇಳಿಕೊಟ್ಟೆ. ಅವಳು ಮೈಕಿನಲ್ಲಿ, ಅರವತ್ತು ಜನಕ್ಕೂ ಕೇಳುವ ಹಾಗೆ, ಹೀಗೆಂದಳು:

‘ಮೊದಲನೇದಕ್ಕೆ ನಮ್ಮಪ್ಪ ನನ್ನನ್ನ ಎತ್ಕೊಂಡು ಎರಡು ಮೈಲಿ ನಡೆದಿದಾರೆ. ಅದನ್ನ ಸುಳ್ಳು ಅನ್ನಲ್ಲ. ಇದನ್ನೂ ಸುಳ್ಳು ಅನ್ನಲ್ಲ.’

ಮುಂದಿನ ಸಾಲಿನಲ್ಲಿ ಒಂದು ಕುಟುಂಬ ಕೂತಿತ್ತು. ಮೊದಲನೆಯದು ದೀಕ್ಷಾಸ್ನಾನವಲ್ಲ ಎಂಬ ಆ ಮಾತು ಹೇಳಿದ್ದಕ್ಕೇ ಅವರ ಹಿರಿಯರು ಅವರನ್ನು ಮನೆಯಿಂದ ಹೊರಗೆ ಹಾಕಿದ್ದಾರೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಟ್ಟೆ ಎತ್ತಿಕೊಂಡೆ. ಅಮ್ಮ ಅಂಗೈ ಇಟ್ಟುಕೊಂಡಿದ್ದಳು. ದಾಟಿಸಿದೆ. ಬೇರೆ ಯಾರೂ ಅಲ್ಲ, ನಾನು. ಊಟಕ್ಕೆ ಕೂತಾಗ ಅವಳು ನನ್ನ ತಟ್ಟೆಗೆ ಎರಡನೇ ಸಲ ಅನ್ನ ಬಡಿಸಿದಳು. ನಾನು ಅದನ್ನೂ ತಿಂದೆ.

ನಿನಗೆ ಬೇಕಾದ ಉತ್ತರ ಸಿಕ್ಕಿತಲ್ಲ. ಈಗ ನನ್ನ ಪ್ರಶ್ನೆ. ಎರಡನೇ ಸಲ ದೀಕ್ಷಾಸ್ನಾನ ತೆಗೆದುಕೊಂಡವರಿಗೆ ಪ್ರಭುಭೋಜನವಿಲ್ಲ ಎಂದು ನಿಮ್ಮ ಸಭೆ ಯಾವಾಗ ನಿಯಮ ಮಾಡಿತು? ಹನ್ನೊಂದು ವರ್ಷದ ಹಿಂದೆ, ನಾನು ಬಿಟ್ಟು ಬಂದ ತಿಂಗಳು. ಸೂಚಿಸಿದವನು ಗಡಿಯಾರದವನು. ಅನುಮೋದಿಸಿದವರು ಯಾರು? ಯಾರೂ ಕೈ ಎತ್ತದೆ ಕೂತಿದ್ದಾಗ ಎರಡನೇ ಬೆಂಚಿನಿಂದ ಒಬ್ಬ ಹೆಂಗಸು ಕೈ ಎತ್ತಿದಳು ಎಂದು ನನಗೆ ಮರುದಿನವೇ ಗೊತ್ತಾಯಿತು. ಹೊಲಿಗೆಯ ಅಂಗಡಿ ಇಟ್ಟಿರುವ ಹೆಂಗಸಂತೆ.

ಅಮ್ಮ ಅಂದು ನಿನ್ನ ಹಿಂದೆಯೇ ಕೂತಿದ್ದಳು.

ತಮ್ಮ


ಮಾರ್ಚ್ 30

ತಮ್ಮ,

ಹೌದು. ಎತ್ತಿದೆ.

ಅಪ್ಪ ಹೋಗಿ ಆರು ತಿಂಗಳಾಗಿರಲಿಲ್ಲ, ನೀನು ಮನೆ ಬಿಟ್ಟು, ಸಭೆ ಬಿಟ್ಟು, ನಾವೆಲ್ಲ ತಣ್ಣಗಾದ ಸತ್ತ ಜನ ಎಂದು ಹೇಳಿ ಹೋದೆ. ನಿನಗೆ ಒಂದು ಏಟು ಬೀಳಲಿ ಎಂದು ಎತ್ತಿದ ಕೈ. ಅದು ಹನ್ನೊಂದು ವರ್ಷ ಗಾಳಿಯಲ್ಲೇ ಇದ್ದು ಅಮ್ಮನ ಮೇಲೆ ಬಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದ್ದು ನಾವು, ಉಪವಾಸ ಅವಳು.

ನಿನ್ನೆ ಅಯ್ಯನವರ ಮನೆಗೆ ಹೋಗಿದ್ದೆ. ಕಾರ್ಯದರ್ಶಿಯೂ ಇದ್ದ. ನಾನು ಕೂಗಾಡಿದೆ. ಗಡಿಯಾರದವನು ತಣ್ಣಗೆ, ‘ನಿಯಮ ನೀವೇ ಅನುಮೋದಿಸಿದ್ದು ಅಕ್ಕಾವರೇ, ಪುಸ್ತಕದಲ್ಲಿ ನಿಮ್ಮ ಸಹಿ ಇದೆ’ ಎಂದ. ಅಯ್ಯನವರು ಕೆಟ್ಟವರಲ್ಲ, ಹೆದರಿದವರು. ಅವನು ಹೋದ ಮೇಲೆ ಒಂದು ದಾರಿ ಹೇಳಿದರು. ಒಂದು ದಿನ ಸಂಜೆ ಯಾರಿಗೂ ಹೇಳದೆ ಮನೆಗೆ ಬಂದು ಕೊಟ್ಟುಬಿಡುತ್ತಾರಂತೆ. ಪುಸ್ತಕದಲ್ಲಿ ಬರೆಯುವುದಿಲ್ಲ. ನನಗೆ ಕಣ್ಣೀರೇ ಬಂತು. ಓಡಿ ಬಂದು ಅಮ್ಮನಿಗೆ ಹೇಳಿದೆ.

‘ಕದ್ದು ತಿನ್ನೋಕೆ ನಾನೇನು ಬೆಕ್ಕಾ?’ ಎಂದಳು. ಅಷ್ಟೇ. ಆಮೇಲೆ ಅಟ್ಟದಿಂದ ತನ್ನ ಹಳೆಯ ಟೈಪ್‌ರೈಟರ್ ಇಳಿಸಿಕೊಡು ಎಂದಳು. ಇಳಿಸಿ, ಧೂಳು ಒರೆಸಿ ಕೊಟ್ಟೆ.

ಅಕ್ಕ


ಏಪ್ರಿಲ್ 12

ಮಗಳಿಗೆ ಮತ್ತು ಮಗನಿಗೆ,

ಒಂದೇ ಕಾಗದ, ಇಬ್ಬರಿಗೂ. ಮಗನದು ಅಂಚೆಯಲ್ಲಿ ಬರುತ್ತದೆ, ಮಗಳದು ಅವಳ ಹೊಲಿಗೆ ಮಿಶಿನ್ನಿನ ಮೇಲೆ ಇರುತ್ತದೆ. ಮೂಲ ಪ್ರತಿ ಯಾರಿಗೆ, ಕಾರ್ಬನ್ ಪ್ರತಿ ಯಾರಿಗೆ ಎಂದು ಅದಕ್ಕೂ ಕಿತ್ತಾಡುತ್ತೀರಿ ಎಂದು ಗೊತ್ತು. ಇಬ್ಬರಿಗೂ ಕಳಿಸಿರುವುದು ಕಾರ್ಬನ್ ಪ್ರತಿಯೇ. ಮೂಲ ನನ್ನ ಹತ್ತಿರ ಇದೆ. ವಕೀಲರ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪ್ ಮಾಡಿದವಳು ನಾನು. ಎರಡೂ ಕಡೆಯವರು ತಮ್ಮ ಕೈಯಲ್ಲಿರುವುದೇ ಮೂಲ ಎಂದು ಹೊಡೆದಾಡುವುದನ್ನು ಬೇಕಾದಷ್ಟು ನೋಡಿದ್ದೇನೆ.

ನಾನು ಯಾಕೆ ನೀರಿಗಿಳಿದೆ ಎಂದು ಇಬ್ಬರೂ ಕೇಳಲಿಲ್ಲ. ಮಗಳು ಬೈದಳು. ಮಗ ಪುಸ್ತಕದಲ್ಲಿ ಹೆಸರು ಬರೆದುಕೊಂಡ. ಈಗ ಹೇಳುತ್ತೇನೆ. ಮಗಳ ಸಭೆಯಲ್ಲಿ ತಟ್ಟೆ ಬೇಕಾದರೆ ಒಂದು ಸ್ನಾನ ಬೇಕು, ಅದು ನನಗಿತ್ತು. ಮಗನ ಸಭೆಯಲ್ಲಿ ಬೇಕಾದರೆ ಇನ್ನೊಂದು ಬೇಕು, ಅದೂ ಇರಲಿ ಎಂದುಕೊಂಡೆ. ಎರಡೂ ಇದ್ದರೆ ಎರಡೂ ಕಡೆ ಕೂರಬಹುದು, ಒಂದು ಭಾನುವಾರ ಇವಳ ಪಕ್ಕ, ಒಂದು ಭಾನುವಾರ ಅವನ ಮುಂದೆ. ಇಷ್ಟೇ ನನ್ನ ಲೆಕ್ಕಾಚಾರ. ಎರಡು ಮನೆಯ ಬೀಗದ ಕೈಯೂ ಸೊಂಟದಲ್ಲಿದೆ ಎಂದುಕೊಂಡು ಹೋದರೆ ಎರಡೂ ಮನೆಯವರು ಬೀಗ ಬದಲಾಯಿಸಿದ್ದರು. ದಡ್ಡಿ ನಾನು. ಆದರೆ ನಿಮ್ಮಷ್ಟಲ್ಲ.

ನನಗೆ ಕೋಪ ಬಂದಿದೆ. ಇದನ್ನು ಟೈಪ್ ಮಾಡುವಾಗ ಅಕ್ಷರಗಳು ಕಾಗದವನ್ನು ತೂತು ಮಾಡುತ್ತಿವೆ. ಸಾಯುವ ಮುದುಕಿ ಸಮಾಧಾನದ ಮಾತು ಹೇಳುತ್ತಾಳೆ ಎಂದು ಕಾಯಬೇಡಿ. ಎಲ್ಲರೂ ಒಂದಾಗಿರಲಿ ಎಂದು ಸಾಯುವ ಮುಂಚೆ ಪ್ರಾರ್ಥಿಸಿದ ಪ್ರಭುವಿನ ಹೆಸರಿನಲ್ಲಿ ಒಂದು ಊರಿನಲ್ಲಿ ಎಷ್ಟು ಬೋರ್ಡು! ನಿಮ್ಮಿಬ್ಬರನ್ನೂ ಒಂದೇ ತಟ್ಟೆಯಲ್ಲಿ ಉಣ್ಣಿಸಿದ್ದೆ. ಆಗ ಯಾರ ನೆತ್ತಿ ಎಷ್ಟು ನೆಂದಿದೆ ಎಂದು ನೋಡಿರಲಿಲ್ಲ.

ಏಪ್ರಿಲ್ 27, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನ ಊಟದ ಮೇಜಿಗೆ ಬನ್ನಿ. ಎರಡೂ ಸಭೆಯಲ್ಲಿ ಆರಾಧನೆಯ ಹೊತ್ತು ಅದೇ ಎಂದು ಗೊತ್ತಿದ್ದೇ ಆ ಹೊತ್ತು ಇಟ್ಟಿದ್ದೇನೆ. ರೊಟ್ಟಿ ಮಗಳು ತರಲಿ, ದ್ರಾಕ್ಷಾರಸ ಮಗ ತರಲಿ. ನಾನು ಏನು ಕೊಡುತ್ತೇನೋ ಅದನ್ನು ತೆಗೆದುಕೊಂಡು ಹೋಗಿ.

ಬರದಿದ್ದರೂ ಬೇಸರವಿಲ್ಲ ಎಂದು ಬರೆಯುವುದು ವಾಡಿಕೆ. ನನಗೆ ಬೇಸರವಾಗುತ್ತದೆ.

ನಿಮ್ಮಿಬ್ಬರ ತಾಯಿ
ಪ್ರತಿ: ಇಬ್ಬರಿಗೂ


ಏಪ್ರಿಲ್ 29

ಅಕ್ಕಾ,

ನೀನೂ ಅಲ್ಲೇ ಇದ್ದೆ, ನೀನೂ ನೋಡಿದೆ. ಆದರೂ ಬರೆಯುತ್ತೇನೆ. ಬರೆದಿಡದಿದ್ದರೆ ಒಂದು ತಿಂಗಳಲ್ಲಿ ಇದನ್ನು ಮೆತ್ತಗೆ ಮಾಡಿ ಭಾನುವಾರದ ಉಪದೇಶದಲ್ಲಿ ಹೇಳಿಬಿಡುತ್ತೇನೆ. ನನ್ನ ಚಾಳಿ ನನಗೆ ಗೊತ್ತು.

ತಾಯಿಗೆ ಹುಷಾರಿಲ್ಲ ಎಂದು ಸಭೆಯವರಿಗೆ ಹೇಳಿ ಬಂದೆ. ನಿಜವೇ, ಆದರೂ ಸುಳ್ಳು. ದ್ರಾಕ್ಷಾರಸವನ್ನು ನೀರಿನ ಬಾಟಲಿಯಲ್ಲಿ ತುಂಬಿ ಚೀಲದ ಅಡಿಯಲ್ಲಿ ಇಟ್ಟುಕೊಂಡಿದ್ದೆ. ನೀನು ಬಾಗಿಲು ತೆರೆದಾಗ ರೊಟ್ಟಿಯನ್ನು ಹೊಲಿಗೆಯ ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದೆ. ಇಬ್ಬರೂ ಕಳ್ಳರ ಹಾಗೆ ಕಾಣುತ್ತಿದ್ದೆವು. ಮೂರು ವರ್ಷದ ಮೇಲೆ ನಿನ್ನ ಮುಖ ನೋಡಿದ್ದು. ‘ಕೂದಲು ಬೆಳ್ಳಗಾಗಿದೆ ನಿಂದು’ ಎಂದೆ ನೀನು. ನಿನ್ನದೂ.

ಅಮ್ಮ ಬಿಳಿ ಬಟ್ಟೆ ಹಾಸಿದ್ದಳು. ನಾನು ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. ‘ಇಬ್ಬರೂ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಇವತ್ತು ಪ್ರಾರ್ಥನೆ ನಂದು’ ಎಂದಳು. ಎರಡೇ ಸಾಲು. ರೊಟ್ಟಿ ಮುರಿದಳು. ತಟ್ಟೆ ಎತ್ತಿಕೊಂಡು, ಮೇಜು ಹಿಡಿದು ಎದ್ದು ನಿಂತು, ‘ಕೈ ಒಡ್ಡಿ’ ಎಂದಳು.

ನಾವು ಅಂಗೈ ಒಡ್ಡಿದೆವು. ಅವಳ ಚಪ್ಪಲಿಯ ಸದ್ದು ನಿನ್ನ ಹತ್ತಿರ ಬಂತು. ನಿಲ್ಲಲಿಲ್ಲ. ನನ್ನ ಹತ್ತಿರ ಬಂತು. ನನಗೆ ಕೊಡುತ್ತಾಳೆ ಎಂದುಕೊಂಡೆ ಅಕ್ಕಾ, ನಿಜ ಹೇಳುತ್ತೇನೆ, ನಿನ್ನನ್ನು ಬಿಟ್ಟು ನನಗೆ ಕೊಡುತ್ತಾಳೆ ಎಂದು ಒಂದು ಕ್ಷಣ ಖುಷಿಯಾಯಿತು. ತಟ್ಟೆ ನನ್ನನ್ನೂ ದಾಟಿತು. ಅವಳು ತಾನೂ ತಿನ್ನಲಿಲ್ಲ. ಮೇಜಿನ ಮೇಲಿಟ್ಟು ಬಟ್ಟೆ ಮುಚ್ಚಿದಳು. ಉಸಿರು ಸರಿಹೋಗುವವರೆಗೆ ಕೂತಳು. ನನ್ನ ಅಂಗೈ ಇನ್ನೂ ಮೇಲೇ ಇತ್ತು, ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

‘ಹೇಗಿತ್ತು?’ ಎಂದಳು.

ನೀನು ಅಳುತ್ತಿದ್ದೆ. ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ.

‘ನಾನು ಎರಡು ಸಲ ನೋಡಿದೀನಿ. ನೀವು ಒಂದು ಸಲ ನೋಡಿ ಅಂತ ಕರೆದೆ. ಮನೇಲಿ ಕದ್ದು ಕೊಟ್ಟು ಕೈ ತೊಳ್ಕೊಳ್ಳೋಣ ಅಂತಿದ್ರಲ್ಲ, ಅದು ಆಗಲ್ಲ. ಹೊಲಿದೋರೇ ಬಿಚ್ಚಬೇಕು. ಹೋಗಿ, ಅವರವರದ್ದನ್ನ ಅವರವರು ಬಿಚ್ಚಿ ಬನ್ನಿ. ಎರಡೂ ಕಡೆ ಕೊಟ್ಟರೆ ತಗೋತೀನಿ. ಒಂದು ಕಡೆ ಕೊಟ್ಟರೆ ಬೇಡ.’

ನಾನು ಎದ್ದು ಬಂದೆ, ಬಾಟಲಿ ಅಲ್ಲೇ ಬಿಟ್ಟು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡಲು ಬಂದಾಗ ನಾನು ಎರಡೂ ಕೈ ಒಂದರ ಮೇಲೊಂದು ಚಾಚಿದೆ. ಅವನು ವಿಚಿತ್ರವಾಗಿ ನೋಡಿದ.

ತಮ್ಮ


ಮೇ 20

ಅಕ್ಕಾ,

ಹೇಳಿದೆ. ಗೋಡೆಯ ಹಾಳೆಯನ್ನು ಎಲ್ಲರ ಮುಂದೆ ಹರಿದೆ. ಮೊದಲನೆಯದು ಸುಳ್ಳು ಎಂದು ಇನ್ನು ಯಾರೂ ಮೈಕಿನಲ್ಲಿ ಹೇಳಬೇಕಾಗಿಲ್ಲ, ನನ್ನ ತಾಯಿಯ ಮುಂದೆ ನಾನು ತಟ್ಟೆ ನಿಲ್ಲಿಸುತ್ತೇನೆ ಎಂದೆ. ಹತ್ತೊಂಬತ್ತು ಜನ ಎದ್ದು ಹೋದರು. ಮುಂದಿನ ಸಾಲಿನ ಆ ಕುಟುಂಬವೂ ಹೋಯಿತು. ಅವರ ಯಜಮಾನ ಬಾಗಿಲಲ್ಲಿ ತಿರುಗಿ, ‘ಆ ಮಾತು ಹೇಳಿದ್ದಕ್ಕೆ ನಾನು ತಾಯಿನ ಕಳ್ಕೊಂಡೆ ಪಾಸ್ಟರ್. ನೀವು ನಿಮ್ಮ ತಾಯಿನ ಉಳಿಸ್ಕೊಂಡ್ರಿ’ ಎಂದ.

ಹೋದವರು ಎದುರುಗಡೆ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದಿದ್ದಾರೆ. ಬೋರ್ಡು ಆಗಲೇ ಏರಿದೆ. ಎರಡನ್ನು ಒಂದು ಮಾಡಲು ಹೊರಟು ಮೂರು ಮಾಡಿದೆ. ಅಮ್ಮನಿಗೆ ಹೇಳಬೇಡ, ಹೊಡೆಯಲು ಕೋಲು ಹುಡುಕುತ್ತಾಳೆ.

ನನ್ನದು ಬಿಚ್ಚಿದ್ದೇನೆ. ನಿನ್ನದು?

ತಮ್ಮ


ಜೂನ್ 16

ತಮ್ಮನಿಗೆ,

ಅಮ್ಮನಿಗೆ ಹೇಳಿದೆ. ಕೋಲು ಹುಡುಕಲಿಲ್ಲ. ಆ ಕುಟುಂಬದ ವಿಳಾಸ ಕೇಳಿದಳು. ಅವರಿಗೇನೋ ಟೈಪ್ ಮಾಡುತ್ತಿದ್ದಾಳೆ, ಹುಷಾರಾಗಿರು.

ನಿನ್ನೆ ನಮ್ಮ ಸರ್ವಸದಸ್ಯರ ಸಭೆ. ಅಮ್ಮ ಬರುತ್ತೇನೆ ಎಂದಳು. ಪಟ್ಟಿಯಿಂದ ಹೆಸರು ಹೊಡೆದಿದ್ದಾರೆ, ಒಳಗೆ ಬಿಡುವುದಿಲ್ಲ ಎಂದೆ. ‘ಬಾಗಿಲು ಅವರಪ್ಪನದಾ?’ ಎಂದಳು. ಹೆಸರಿರುವವರ ಬೆಂಚಿಗೆ ಬರಲಿಲ್ಲ. ಬಾಗಿಲ ಪಕ್ಕದ ಕಟ್ಟಕಡೆಯ ಬೆಂಚಿನಲ್ಲಿ ಒಬ್ಬಳೇ ಕೂತಳು. ನಿನ್ನ ಹಾಲಿನಲ್ಲಿ ತೊಟ್ಟಿದ್ದ ಆ ನಿಲುವಂಗಿಯನ್ನು ಮೊಣಕಾಲಿಗೆ ಕತ್ತರಿಸಿ ಜುಬ್ಬ ಮಾಡಿಕೊಡು ಎಂದು ವಾರದ ಹಿಂದೆ ಹಟ ಹಿಡಿದಿದ್ದಳು. ಮಾಡಿಕೊಟ್ಟೆ. ಅದನ್ನೇ ಹಾಕಿಕೊಂಡು ಬಂದಿದ್ದಳು. ಎಂಟು ಗುಂಡನ್ನೂ ಬಿಚ್ಚಿ ತೆಗೆದಿದ್ದೇನೆ, ನನ್ನ ದಬ್ಬಣದ ಡಬ್ಬಿಯಲ್ಲಿವೆ.

ನಾನು ಎದ್ದು ನಿಂತೆ. ಹನ್ನೊಂದು ವರ್ಷದ ಹಿಂದೆ ನಾನು ಅನುಮೋದಿಸಿದ ನಿಯಮವನ್ನು ರದ್ದು ಮಾಡಬೇಕು ಎಂದು ಸೂಚಿಸಿದೆ. ತಮ್ಮನ ಮೇಲಿನ ಸಿಟ್ಟಿಗೆ ಕೈ ಎತ್ತಿದ್ದೆ, ದೇವರ ಮೇಲಿನ ಭಕ್ತಿಗಲ್ಲ ಎಂದೂ ಹೇಳಿದೆ. ಯಾರೋ ಹಿಂದೆ ನಕ್ಕರು. ಗಡಿಯಾರದವನು ಪುಸ್ತಕದಲ್ಲಿ ಬರೆದುಕೊಂಡು, ‘ಅನುಮೋದಿಸುವವರು?’ ಎಂದ.

ಯಾರೂ ಇಲ್ಲ. ನನ್ನ ಜೊತೆ ಮೂವತ್ತು ವರ್ಷ ಹಾಡಿದ ಹೆಂಗಸರು ನೆಲ ನೋಡುತ್ತಿದ್ದರು. ಅವರ ಮಕ್ಕಳ ಮದುವೆಯ ಬಟ್ಟೆ ಹೊಲಿದವಳು ನಾನು. ಅಯ್ಯನವರು ಕನ್ನಡಕ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು. ‘ಅನುಮೋದಿಸುವವರು?’ ಎರಡನೇ ಸಲ.

ಎಲ್ಲರೂ ಹಿಂದೆ ತಿರುಗಿದ್ದು ನೋಡಿ ನಾನೂ ತಿರುಗಿದೆ. ಅಮ್ಮ ಕೈ ಎತ್ತಿದ್ದಳು.

‘ಕೈ ಇಳಿಸಿ ಅಮ್ಮಾ, ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ. ಲೆಕ್ಕಕ್ಕೆ ಬರಲ್ಲ’ ಎಂದ ಅವನು. ಒರಟಾಗಿ ಹೇಳಲಿಲ್ಲ, ಅದೇ ನನಗೆ ಇನ್ನೂ ಉರಿ.

ಅಮ್ಮ ಇಳಿಸಲಿಲ್ಲ. ಅನುಮೋದಕರಿಲ್ಲದೆ ಸೂಚನೆ ಬಿದ್ದುಹೋಯಿತು ಎಂದು ಬರೆದುಕೊಂಡರು. ಕೈ ಹಾಗೇ ಇತ್ತು. ಮುಂದಿನ ವಿಷಯ ಬಂತು, ಛಾವಣಿಗೆ ಸುಣ್ಣ ಬಳಿಯುವುದು. ಅದಕ್ಕೆ ಸೂಚಿಸಿದವರು, ಅನುಮೋದಿಸಿದವರು ಐದೈದು ಜನ. ಅಮ್ಮನ ಕೈ ನಡುಗತೊಡಗಿತು. ನಾನು ನನ್ನ ಬೆಂಚು ಬಿಟ್ಟು ಹಿಂದೆ ಹೋಗಿ ಅವಳ ಪಕ್ಕ ಕೂತು ಮೊಣಕೈಗೆ ನನ್ನ ಕೈ ಆನಿಸಿದೆ. ಸಾಕಮ್ಮ ಎಂದೆ. ‘ಸಾಕು ಅನ್ನೋದಕ್ಕೆ ಇಲ್ಲಿ ಯಾರಾದರೂ ಏನಾದರೂ ಕೊಟ್ಟಿದಾರಾ?’ ಎಂದಳು. ಸುಣ್ಣ ಮುಗಿದು, ಬೆಂಚು ರಿಪೇರಿ ಮುಗಿದು, ಮುಕ್ತಾಯದ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚುವವರೆಗೂ ಆ ಕೈ ಮೇಲೇ ಇತ್ತು. ಒಂದು ಗಂಟೆ ಹತ್ತು ನಿಮಿಷ. ಗಡಿಯಾರದವನೇ ಎದುರಿಗಿದ್ದನಲ್ಲ, ಹೊತ್ತು ತಪ್ಪಿರಲಾರದು.

ಇವತ್ತು ಅವಳು ಹಾಸಿಗೆಯಿಂದ ಎದ್ದಿಲ್ಲ. ಭುಜ ಎತ್ತಲಾಗುತ್ತಿಲ್ಲ. ಡಾಕ್ಟರು ನನಗೆ ಬೈದರು.

ಮುಂದಿನ ಸರ್ವಸದಸ್ಯರ ಸಭೆ ಸೆಪ್ಟೆಂಬರ್ 7. ನಾನು ಮತ್ತೆ ಸೂಚಿಸುತ್ತೇನೆ. ಅಷ್ಟು ಹೊತ್ತಿಗೆ ಅಮ್ಮ ಇರುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ನೀನು ಬಾ. ನಿನ್ನ ಹೆಸರೂ ಪಟ್ಟಿಯಲ್ಲಿಲ್ಲ, ನಿನ್ನ ಕೈಯೂ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಕಡೆಯ ಬೆಂಚಿನಲ್ಲಿ, ಅಮ್ಮ ಕೂತಲ್ಲೇ ಕೂತು ಎತ್ತು. ಮೊಣಕೈ ನಾನು ಹಿಡಿದುಕೊಳ್ಳುತ್ತೇನೆ.

ಅಕ್ಕ